ಮನೆ ಬಿಟ್ಟು ಹೋದ ‘ಸ’

ಬೆಟಗೇರಿ, ಫೆಬ್ರವರಿ 30, 2171

ನನಗಿಂತ ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ, ರೆಸ್ಪೆಕ್ಟೆಡ್ ಸರ್ ಆರ್ ಮೇಡಮ್,

ಫೆಬ್ರವರಿಗೆ ಮೂವತ್ತು ದಿನ ಎಲ್ಲಿಂದ ಬಂತೆಂದು ಗಾಬರಿಯಾಗಬೇಡಿ. ನಿಮ್ಮ ನಂತರದವರು ಉದಾರವಾಗಿ ಸೇರಿಸಿದರು. ನಿಮಗೆ ಗೊತ್ತಿಲ್ಲದ ಶಬ್ದಗಳು ಬಂದರೆ ಕ್ಷಮಿಸಿ. ನಿಮ್ಮ ಕಾಲದವರಿಗೆ ಇಂಗ್ಲಿಷ್ ಇಷ್ಟವೆಂದು ಕೇಳಿ, ಕಾಲೇಜಿನಲ್ಲಿ ಕಲಿತದ್ದನ್ನು ಅಲ್ಲಲ್ಲಿ ಉದುರಿಸಿದ್ದೇನೆ. ಅದಕ್ಕೂ ಕ್ಷಮೆ ಇರಲಿ.

ನಮ್ಮಲ್ಲಿ ಕೂಸಿಗೆ ಹೆಸರಿಡುವುದಕ್ಕೆ ‘ಉಸುರು-ಹೆಸರು’ ಎನ್ನುತ್ತೇವೆ. ತಾಯಿ ತಾನು ಆರಿಸಿದ ಹೆಸರನ್ನು ಗುಟ್ಟಾಗಿಟ್ಟುಕೊಂಡು, ಹದಿಮೂರನೆಯ ದಿನ ಮನೆಯ ಹಿರಿಯರ ಕಿವಿಯಲ್ಲಿ ಒಂದೇ ಸಲ ಉಸುರುತ್ತಾಳೆ. ಹಿರಿಯರು ಮಾಳಿಗೆ ಹತ್ತಿ ಅದನ್ನು ಓಣಿಗೆಲ್ಲ ಕೂಗಬೇಕು. ಕೂಗಿದ್ದೇ ಕಾಯಂ. ಹಿಂದಿನ ಓಣಿಯಲ್ಲಿ ಸೋಮನಾಗಬೇಕಿದ್ದವನು ಅಜ್ಜನ ಕಿವಿಯ ದೆಸೆಯಿಂದ ಓಮನಾಗಿಯೇ ಉಳಿದ. ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ.

ಮೊಮ್ಮಗಳು ನೀಲವ್ವ ಬಸುರಿಯಾದಾಗ ಆ ಹಿರಿತನ ನನ್ನ ಪಾಲಿಗೆ ಬಂತು. ಹೆಂಡತಿ ಸರಸಿ ಇದ್ದಿದ್ದರೆ ಅವಳದಾಗುತ್ತಿತ್ತು, ನನಗಿಂತ ಎರಡು ತಿಂಗಳು ದೊಡ್ಡವಳು. ಅವಳು ತೀರಿಕೊಂಡು ಆರು ವರ್ಷ.

ಬೆಳಗಿನ ಚಹಾ ನನ್ನ ಕೆಲಸ. ಒಂದು ದಿನ ನೀಲವ್ವ ಕಪ್ಪು ಬಾಯಿಗಿಟ್ಟು, “ಅಜ್ಜಾ, ಅಕ್ಕರಿ ಭಾಳ ಆತು” ಎಂದಳು. ನನ್ನ ಕಣ್ಣು ತುಂಬಿ ಬಂತು. ಮರುದಿನ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿದೆ. “ದಿನಾ ಅಕ್ಕರಿ ಹೆಚ್ಚಾಗಾಕತ್ತೇತಿ!” ಎಂದಳು. ಮತ್ತೊಂದು ಚಮಚ. ನಾಲ್ಕನೆಯ ದಿನ ಕಪ್ಪನ್ನು ನನ್ನ ಮುಂದೆ ಕುಕ್ಕಿ, ಸಕ್ಕರೆ ಡಬ್ಬಿಯನ್ನು ಕಣ್ಣೆದುರು ಹಿಡಿದು ಕೂಗಿದಳು.

“ಸಕ್ಕರಿ, ಅಜ್ಜಾ, ಸಕ್ಕರಿ! ಡಾಕ್ಟರು ಕಡಿಮಿ ಮಾಡಂತ ಹೇಳ್ಯಾರ, ನೀ ಚಹಾ ಅಂತ ಪಾಕ ಕುಡಸಾಕತ್ತಿ!”

“ಹಂಗಾರ ಅಕ್ಕರಿ ಇಲ್ಲೇನು?”

“ಐತಿ, ಅದಕ್ಕ ನಾಲ್ಕು ದಿನ ಕುಡದೆ. ಇವತ್ತ ಕಿವಿ ತೋರಸು. ಇಲ್ಲಾಂದ್ರ ಹೆಸರು ಕೂಗಾಕ ಎದುರುಮನಿ ಕರೆವ್ವನ್ನ ಕರೀತೀನಿ.”

ಗುರುತುಗಳು ಎರಡು ವರ್ಷದಿಂದ ಇದ್ದವು. ಗಂಡಸರ ದಪ್ಪ ದನಿ ಕೇಳುತ್ತಿತ್ತು. ಹೆಂಗಸರು, ಮಕ್ಕಳು ಗೊಣಗುತ್ತಾರೆಂದು ಬೈಯುತ್ತಿದ್ದೆ. ‘ಗೋಡೆಮಾತು’, ಅಂದರೆ ನಿಮ್ಮ ಟೀವಿಯ ಮರಿಮಗ, ಅದರ ದನಿಯನ್ನು ನಾನು ಏರಿಸಿದ ಪರಿಗೆ ಪಕ್ಕದ ಮನೆಯವರು ತಮ್ಮದನ್ನು ಮಾರಿಬಿಟ್ಟರು. ಮದುವೆಮನೆಯ ಗದ್ದಲದಲ್ಲಿ ಮಾತು ತಿಳಿಯದೆ ನಕ್ಕು ತಲೆಯಾಡಿಸುತ್ತಿದ್ದೆ; ಒಮ್ಮೆ ಸಾವಿನ ಸುದ್ದಿಗೂ ನಕ್ಕೆ. ಮೂವತ್ತು ವರ್ಷ ಮಗ್ಗಗಳ ಖಟಖಟದಲ್ಲಿ ದುಡಿದವನಿಗೆ ಇದು ಹೊಳೆಯಬೇಕಿತ್ತು.

ಓಣಿಯ ತುದಿಯಲ್ಲೇ ‘ಕಿವಿಗನ್ನಡಿ’ ಇದೆ: ಹೊರಗಿನ ಸದ್ದು ಬಾರದ ಪುಟ್ಟ ಕೋಣೆ. ಕಿವಿಗೆ ಒಂದೊಂದೇ ಸ್ವರ ಬಿಡುತ್ತಾರೆ, ಕೇಳಿದಾಗ ಗುಂಡಿ ಒತ್ತಬೇಕು. ಪರೀಕ್ಷಿಸುವಾಕೆ ಮೊದಲು ದೀಪ ಹಿಡಿದು ಗುಗ್ಗೆ ಕಟ್ಟಿದೆಯೇ ಎಂದು ನೋಡಿದಳು. ಇರಲಿಲ್ಲ. ನೋವಿಲ್ಲ, ಸೂಜಿಯಿಲ್ಲ, ಅರ್ಧ ಗಂಟೆಯ ಕೆಲಸ. “ಅಜ್ಜಾರ, ತೆಳ್ಳನ ಸದ್ದು ಹೋಗ್ಯಾವ. ‘ಸ’ ನಿಮಗ ಕೇಳಂಗಿಲ್ಲ” ಎಂದಳು. ಐ ವಾಸ್ ವೆರಿ ಮಚ್ ಆಸ್ಟಾನಿಷ್, ಅಥವಾ ಆಸ್ಟಾನಿಷ್ಡ್, ಎರಡರಲ್ಲೊಂದು. ಇಡೀ ಒಂದು ಅಕ್ಷರ ಮನೆ ಬಿಟ್ಟು ಹೋಗಿತ್ತು, ನಾನು ಹುಡುಕಿರಲೂ ಇಲ್ಲ!

ಬಟಾಣಿಯಷ್ಟು ‘ಕಿವಿಮಣಿ’ ತೊಡಿಸಿದರು. ಮೊದಲ ವಾರಗಳಲ್ಲಿ ಬರೀ ಗಲಾಟೆ: ನನ್ನದೇ ಚಪ್ಪಲಿ, ಒಗ್ಗರಣೆಯ ಸಾಸಿವೆ, ಮಡಿಚುವ ಕಾಗದ. ಬರಬರುತ್ತಾ ರೂಢಿಯಾಯಿತು.

ಹೆಣ್ಣುಕೂಸು ಹುಟ್ಟಿತು. ಹದಿಮೂರನೆಯ ದಿನ ನೀಲವ್ವ ನನ್ನ ಕಿವಿಗೆ ಬಾಗಿದಳು. ಹೆಸರು ಬಂತು, ಮೊದಲ ಅಕ್ಷರದ ಸಮೇತ. ಮಾಳಿಗೆ ಹತ್ತಿ ಕೂಗಿದೆ: “ಸರಸಿ!” ಓಣಿಗೆ ಓಣಿಯೇ ಅದನ್ನು ತಿರುಗಿ ಕೂಗಿತು. ಆರು ವರ್ಷದ ಮೇಲೆ ಆ ಹೆಸರು ನನ್ನ ಬಾಯಿಂದ ಅಷ್ಟು ಜೋರಾಗಿ ಹೊರಟಿತ್ತು. ಕಿವಿ ತೋರಿಸಿರದಿದ್ದರೆ ಎರಡೂ ‘ಸ’ ಕಳೆದು, ಕೂಸು ಜೀವನಪೂರ್ತಿ ‘ಅರಿ’, ಅಂದರೆ ಶತ್ರುವಾಗಿರುತ್ತಿತ್ತು.

ನಿಮ್ಮಲ್ಲಿ ಒಂದೇ ಅರಿಕೆ. ಲೋಕವೆಲ್ಲ ಒಟ್ಟಿಗೇ ಗೊಣಗಲು ಶುರುಮಾಡಿದೆ ಎನಿಸಿದರೆ, ಲೋಕವನ್ನು ಬೈಯುವ ಮೊದಲು ಕಿವಿ ಪರೀಕ್ಷಿಸಿಕೊಳ್ಳಿ. ಇನ್ನೂ ಬರೆಯುತ್ತಿದ್ದೆ, ಆದರೆ ಒಳಗಿನ ಕೋಣೆಯಲ್ಲಿ ಸರಸಿ ಎದ್ದು ಸಣ್ಣಗೆ ಅಳುತ್ತಿದ್ದಾಳೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ನನಗೇ ಕೇಳಿತು.

ಐ ಬೆಗ್ ಟು ರಿಮೇನ್,
ಮರಿಬಸಪ್ಪ