ಕೆಂಪು ಸಿಗ್ನಲ್‌ನಲ್ಲಿ ಒಂದು ನಮಸ್ಕಾರ

ಮಾರ್ಚ್ ೩೦, ಭಾನುವಾರ, ಕಾರ್ಲ್ಸ್‌ರುಹೆ

ಪಾಯಿಂಟ್ ಬಿತ್ತೆಂದು ನನಗೆ ಅಳು ಬರುತ್ತಿಲ್ಲ.

ಯುಗಾದಿ ಊಟಕ್ಕೆ ಗೆಳತಿ ಸುರಭಿಯ ಮನೆಗೆ ಹೊರಟಿದ್ದೆವು. ಹೊಸ ಲೈಸೆನ್ಸಿನ ಉತ್ಸಾಹದಲ್ಲಿ ಕಾರು ನಾನೇ ಓಡಿಸುತ್ತಿದ್ದೆ. ಪಕ್ಕದಲ್ಲಿ ನನ್ನ ಗಂಡ ಸುಹಾಸ್, ಮೈಸೂರಿನ ಅಜ್ಜಿಯ ಜೊತೆ ವಿಡಿಯೋ ಕಾಲ್‌ನಲ್ಲಿದ್ದ. ಸಿಗ್ನಲ್ ಕೆಂಪಾದದ್ದೇ ಫೋನನ್ನು ನನ್ನ ಮುಂದೆ ಹಿಡಿದ.

"ಹಬ್ಬದ ದಿನ ಕಣೇ, ಅಜ್ಜಿಗೊಂದು ನಮಸ್ಕಾರ ಹೇಳಿಬಿಡು."

"ಬೇಡ ಕಣೋ, ಇಂಜಿನ್ ಆನ್ ಇದೆ."

"ನಿಂತೇ ಇದ್ದೀವಲ್ಲ. ದೊಡ್ಡೋರು ಕಾಯ್ತಿದ್ದಾರೆ, ತಗೋ."

ತೆಗೆದುಕೊಂಡೆ. "ದೀರ್ಘಸುಮಂಗಲಿಯಾಗಿರಮ್ಮಾ" ಎಂದು ಅಜ್ಜಿ ಹರಸುತ್ತಿರುವಾಗಲೇ ಪೊಲೀಸ್ ಒಬ್ಬ ಬಂದು ಕಿಟಕಿ ತಟ್ಟಿದ.

ಫ್ಲೆನ್ಸ್‌ಬುರ್ಗ್‌ನಲ್ಲಿ ಚಾಲಕರ ತಪ್ಪುಗಳನ್ನು ಬರೆದಿಡುವ ಕಚೇರಿಯಲ್ಲಿ ನನ್ನ ಹೆಸರಿಗೆ ಒಂದು ಪಾಯಿಂಟ್. ಹೊಸ ಚಾಲಕರಿಗಿರುವ ಎರಡು ವರ್ಷದ ಪ್ರೊಬೇಷನ್ ಇನ್ನು ನಾಲ್ಕು ವರ್ಷ. ಮೇಲೆ ಸೆಮಿನಾರ್‌ಗೆ ಹೋಗಿ ಕೂರಬೇಕು. ಅದೆಲ್ಲ ಹಾಳಾಗಿ ಹೋಗಲಿ.

ಸುಹಾಸ್ ಪೊಲೀಸನ ಕಡೆ ಬಾಗಿ, ತನ್ನ ಸೊಗಸಾದ ಜರ್ಮನ್‌ನಲ್ಲಿ ಹೇಳಿದ: ಫೋನ್ ಮುಟ್ಟಬೇಡ ಎಂದು ನಾನು ಹೇಳಿದೆ, ಇವಳು ನನ್ನ ಮಾತು ಕೇಳುವುದೇ ಇಲ್ಲ. ಇಬ್ಬರೂ ನಕ್ಕರು. ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತಿದ್ದೆ.

ಮನೆಗೆ ಬಂದ ಮೇಲೆ ಕೇಳಿದೆ. "ಪೊಲೀಸ್ ಹತ್ರ ಏನಂದೆ?"

"ನಿನ್ನ ಪರವಾಗೇ ಮಾತಾಡಿದೆ ಕಣೇ. ತಪ್ಪು ನನ್ದು ಅಂದೆ."

ಚಪ್ಪಲಿ ಬಿಚ್ಚುತ್ತಾ ಎಷ್ಟು ಸಲೀಸಾಗಿ ಹೇಳಿದ. ನನಗೆ ಏನೂ ಅರ್ಥವಾಗಿಲ್ಲ ಎಂದು ಅಷ್ಟು ನಂಬಿಕೆ ಅವನಿಗೆ.

ಚಳಿಗಾಲವಿಡೀ ನನ್ನನ್ನು ಜರ್ಮನ್ ಕ್ಲಾಸಿಗೆ ಕಳಿಸಿದವನು ಅವನೇ. ಏನು ಕಲಿತೆ ಎಂದು ಒಂದು ದಿನವೂ ಕೇಳಲಿಲ್ಲ.