ತೊಟ್ಟಿಯ ಪಾದ

ಸಲೀನಸ್ ಪಕ್ಕದ ನಮ್ಮ ಕಬ್ಬಿನ ತೋಟದಿಂದ,
ಜೂನ್ ೧೯

ಮಗಳೇ ಜುಸಾರಾ,

ನೀನು ಆಶೀರ್ವಾದ ಕೇಳುವ ಮೊದಲೇ ಕೊಟ್ಟುಬಿಟ್ಟಿದ್ದೇನೆ, ತೆಗೆದುಕೋ. ಇಡೀ ಬ್ರೆಜಿಲ್‌ನಲ್ಲಿ ಯೀಸ್ಟ್ ಎದ್ದು ನಿಂತು ಮರ್ಯಾದೆ ಕೊಡುವುದು ನಿನ್ನ ಈ ಸೋದರಮಾವನಿಗೊಬ್ಬನಿಗೇ. ನಿನ್ನ ವಿಶ್ವವಿದ್ಯಾಲಯದ ದೊಡ್ಡ ಮೇಷ್ಟ್ರುಗಳೆಲ್ಲ ಪಾಠ ಹೇಳಿಸಿಕೊಳ್ಳಲು ಹೇಸರಗತ್ತೆ ಏರಿ ಬರುತ್ತಾರೆ. ಅವರನ್ನು ವಾಪಸ್ ಕಳಿಸಿ ಕಳಿಸಿ ಸಾಕಾಗಿದೆ.

ಆದರೂ ಒಂದು ಸಣ್ಣ ವಿಷಯ. ಸಾರಾಯಿಗೆ ಕಬ್ಬಿನ ರಸ ಹುದುಗುವ ಒಂದು ತೊಟ್ಟಿ ಮಾತು ನಿಲ್ಲಿಸಿದೆ.

ಫೋನ್ ಅಡುಗೆಮನೆಯಲ್ಲಿದೆ, ನಿನ್ನ ಅಮ್ಮನೂ ಅಲ್ಲೇ. ಅದಕ್ಕೇ ಈ ಕಾಗದ. ಮಂಡಿನೋವಿನಿಂದ ಅಕ್ಕ ಇತ್ತೀಚೆಗೆ ತೊಟ್ಟಿಯ ಕಡೆ ಇಳಿದಿಲ್ಲ. ಇದೇ ೨೪ರ ಸಂತ ಜೋವಾನ್ ಹಬ್ಬಕ್ಕೆ ಮಾತ್ರ ಇಳಿಯದೆ ಬಿಡುವವಳಲ್ಲ. ತಳದ ಹುದುಗಿನ ಗಸಿಗೆ ನಾವು ‘ಪಾದ’ ಅನ್ನುತ್ತೇವಲ್ಲ, ಅದು ತೀರಿಹೋದ ನಿನ್ನ ಅಜ್ಜಿ ಜೆನೆರೋಜಾ ಹುಳಿ ಕಿತ್ತಳೆ, ಮುಸುಕಿನ ಜೋಳದ ಹಿಟ್ಟು ಉಣಿಸಿ ಸಾಕಿದ್ದು. ಹಬ್ಬದ ದಿನ ಅದಕ್ಕೆ ಬೆರಳು ಅದ್ದಿ ಹಣೆಗೆ ಹಚ್ಚಿಕೊಂಡರೇ ಅಕ್ಕನಿಗೆ ತಾಯಿಯ ಕಾಲು ಮುಟ್ಟಿದ ಸಮಾಧಾನ.

ತಪ್ಪು ನಿನ್ನದೇ. ಈಸ್ಟರ್‌ಗೆ ಬಂದಾಗ ಹೇಳಿದವಳು ನೀನು: ಯೀಸ್ಟಿನ ಕೋಶಕ್ಕೊಂದು ಪೊರೆ, ಪೊರೆಯಲ್ಲಿ ಒಂದೊಂದು ಆಹಾರಕ್ಕೆ ಒಂದೊಂದು ಬಾಗಿಲು. “ಕೆಲವನ್ನ ಒಳಗೆ ಎಳ್ಕೊಳ್ಳೋಕೆ ಅದು ಶಕ್ತಿ ಖರ್ಚು ಮಾಡ್ಬೇಕು ಮಾವ. ಕಬ್ಬಿನ ಸಕ್ಕರೆ ಒಡೆದು ಸಣ್ಣದಾದ್ಮೇಲೆ ಹಾಗಲ್ಲ, ಹೊರಗೆ ಜಾಸ್ತಿ ಇದ್ರೆ ಬಾಗಿಲಿಂದ ತಾನೇ ಒಳಗೆ ಹೋಗತ್ತೆ.” ನೀನು ಇನ್ನೂ ಏನೋ ಹೇಳುತ್ತಿದ್ದೆ. ಅರ್ಥವಾದ ಮೇಲೂ ಕೂತಿರುವುದು ನನ್ನ ಜಾಯಮಾನವಲ್ಲ, ಎದ್ದು ಹೋದೆ.

ಮೊನ್ನೆ ಪಕ್ಕದ ತೋಟದ ಬೆಲರ್ಮೀನೋ ಬೇಲಿಯಾಚೆಯಿಂದ ಕೆಣಕಿದ: “ಏನೋ ಅನಾಕ್ಲೆತೋ, ನಿನ್ನ ತೊಟ್ಟಿ ಗೊರಕೆ ಹೊಡೀತಿದ್ಯಾ? ನಂದು ಹಬ್ಬಕ್ಕೆ ಮುಂಚೆ ಬಟ್ಟಿ ಏರತ್ತೆ.”

“ನಿಂದು ಏರೋದ್ರೊಳಗೆ ನಂದು ಜನರ ಹೊಟ್ಟೇಲಿರತ್ತೆ, ಹೋಗೋ” ಅಂದೆ. ಅಂದಮೇಲೆ ಬಿಡಲಾಗುತ್ತದೆಯೇ? ರಸಕ್ಕೆ ನೀರು ಬೆರೆಸುವ ಬದಲು ಬೆಲ್ಲ ಕರಗಿಸಿ, ಪಾಕದಂತೆ ಗಟ್ಟಿ ಮಾಡಿ ಸುರಿದೆ. ಹೊರಗೆ ಜಾಸ್ತಿಯಾದರೆ ಒಳಗೆ ಬೇಗ ಹೋಗಬೇಕಲ್ಲ!

ಬೆಳಿಗ್ಗೆ ಕಿವಿಯಿಟ್ಟೆ. ಎಣ್ಣೆ ಕಾದಂತೆ ಚುರುಗುಟ್ಟುತ್ತಿದ್ದದ್ದು ಸುಮ್ಮನಿತ್ತು. ಕಂಬಳಿ ಹೊದಿಸಿದೆ, ಬೈದೆ, ಸಂತನಿಗೆ ಮೇಣದಬತ್ತಿ ಹಚ್ಚಿದೆ. ಈ ಸಾಲು ಬರೆಯುವ ಮೊದಲೂ ಎದ್ದು ಹೋಗಿ ಕೇಳಿ ಬಂದೆ. ಇಲ್ಲ. ತಡಿ, ಇನ್ನೊಮ್ಮೆ ಹೋಗಿ ಬರುತ್ತೇನೆ.

ಇಲ್ಲ.

ಹೋಗುವಾಗ, ಉಪ್ಪು ಸವರಿ ತೂಗುಹಾಕಿದ ಮಾಂಸದಿಂದ ನೀರು ತೊಟ್ಟಿಕ್ಕುತ್ತಿತ್ತು. ನೀನು ಈಸ್ಟರ್‌ನಲ್ಲಿ ಹೇಳುತ್ತಿದ್ದ ಉಳಿದರ್ಧ ಆಗ ಕೇಳಿಸಿತು ಮಗಳೇ. ಹೊರಗೆ ರಸ ಅತಿ ಗಟ್ಟಿಯಾದರೆ ಕೋಶದೊಳಗಿನ ನೀರೇ ಹೊರಗೆ ನಡೆದುಬಿಡುತ್ತದೆ, ಅಲ್ಲವೇ?

ನೀನು ಒಂದು ಚಮಚ ಗಸಿಯನ್ನು ಶೀಷೆಯಲ್ಲಿ ಕೊಂಡೊಯ್ದಾಗ “ಅಜ್ಜಿ ಪಾದ ಕದ್ದ ಕಳ್ಳಿ” ಎಂದು ಬಸ್ಸಿನವರೆಗೂ ಹಂಗಿಸಿದ್ದೆ. ಆ ಕಳ್ಳಮಾಲು ಬದುಕಿದೆಯೇ? ಬಸ್ ಓಡಿಸುವ ದೊರ್ವಲೀನೋ ಕೈಯಲ್ಲಿ ಕಳಿಸು. ಈ ಸಲ ತೆಳು ರಸ, ಹಿಡಿ ಹಿಟ್ಟು, ಹುಳಿ ಕಿತ್ತಳೆ, ನಿಧಾನ. ಹೇಗೆಂದು ನೀನೇ ಬಂದು ಹೇಳು, ಮುಗಿಯುವವರೆಗೂ ಕೂತಿರುತ್ತೇನೆ.

ಇಂತಿ,
ನಿನ್ನ ಮೇಷ್ಟ್ರುಗಳ ಮೇಷ್ಟ್ರು, ಸೋದರಮಾವ
ಅನಾಕ್ಲೆತೋ

ಮರೆತಿದ್ದು: ಮಡಚುವಷ್ಟರಲ್ಲಿ ನಿನ್ನ ಅಮ್ಮ ಕೋಲೂರಿಕೊಂಡು ಬಂದು ಹಿಂದಿನಿಂದಲೇ ಎಲ್ಲ ಓದಿದಳು. “ಒಂದು ತೊಟ್ಟಿನಾ? ಸರಿಯಾಗಿ ಬರಿಯೋ ಕತ್ತೆ. ಅಡುಗೆಮನೆ ಕಿಟಕೀಲಿ ನಂಗೂ ಕಿವಿ ಇದೆ” ಅಂದಳು. ಬರೆದಿದ್ದೇನೆ: ನಾಲ್ಕೂ ತೊಟ್ಟಿ.