ಹುಲ್ಲು ತುರುಕಿದ ಗಂಟೆಗಳು

ಓಬರ್‌ಗ್ರೀಸ್, ತಿರೋಲ್
ಸೆಪ್ಟೆಂಬರ್ 21

ಪ್ರೀತಿಯ ವೀಟಸ್ ಅಣ್ಣಾ,

ಚಿಲಿಯ ಹಿಮದಲ್ಲಿ ಸ್ಕೀ ಅಭ್ಯಾಸ ಹೇಗೆ ಸಾಗಿದೆ? ಮೊಣಕಾಲು ಸುಮ್ಮನಿದೆ ತಾನೇ? ನೀನು ಹೊಟ್ಟೆ ತುಂಬ ತಿನ್ನುತ್ತಿದ್ದೀಯೋ ಇಲ್ಲವೋ ಎಂದು ಅಮ್ಮ ದಿನವೂ ನನ್ನನ್ನು ಕೇಳುತ್ತಾಳೆ, ನೀನೇನೋ ನನ್ನ ಮಂಚದ ಕೆಳಗೆ ಅಡಗಿದ್ದೀಯ ಎಂಬ ಹಾಗೆ. ನೋಡು, ಈ ಕಾಗದ ನಾನೇ ಕೈಯಾರೆ ಬರೆಯುತ್ತಿದ್ದೇನೆ. ಜನವರಿಯಲ್ಲಿ ನಮ್ಮೂರ ಸ್ಕೀ ಪಂದ್ಯದಲ್ಲಿ ಬಿದ್ದು ತಲೆಗೆ ಪೆಟ್ಟಾದ ಮೇಲೆ ಎರಡು ಸಾಲು ಓದುವಷ್ಟರಲ್ಲಿ ಅಕ್ಷರಗಳು ಈಜುತ್ತಿದ್ದವು. ಈಗ ನಡುನಡುವೆ ಕಣ್ಣು ಮುಚ್ಚಿಕೊಂಡರಾಯಿತು. ಬೆಳಕೂ ಒಗ್ಗಿದೆ. ಸದ್ದಿನ ಭಯ ಮಾತ್ರ ಹೋಗಿರಲಿಲ್ಲ. ಚಮಚ ಬಿದ್ದರೂ ತಲೆ ಸಿಡಿಯುತ್ತಿತ್ತು. ನಾನು ಕೊನೆಯ ಗೆರೆಯ ಹತ್ತಿರ ನಿಂತು ನೋಡುವವರೆಗೆ ಆ ಪಂದ್ಯಕ್ಕೆ ಇಳಿಯುವುದಿಲ್ಲ ಎಂದು ನೀನು ಬೇರೆ ಹಟ ಹಿಡಿದು ಕೂತಿದ್ದೀಯ. ಅಲ್ಲಿ ಇಳಿಯುವವರನ್ನು ಹುರಿದುಂಬಿಸಲು ಊರಿಗೆ ಊರೇ ಹಸುವಿನ ಗಂಟೆ ಬಾರಿಸುತ್ತದಲ್ಲ ಮಾರಾಯ, ಹೇಗೆ ನಿಲ್ಲಲಿ ಎಂದು ಅಂಜಿದ್ದೆ.

ನಿನ್ನೆ ಪಕ್ಕದ ಮನೆಯ ಲೋಯಿಸ್ ಮಾವ ಬೇಸಿಗೆಯ ಮೇವು ಮುಗಿಸಿದ ಹಸುಗಳನ್ನು ಬೆಟ್ಟದಿಂದ ಇಳಿಸಿ ತಂದ. ಪ್ರತಿವರ್ಷದಂತೆ ಅವುಗಳ ತಲೆಗೆ ಹೂವಿನ ಕಿರೀಟ, ಬಣ್ಣದ ಪಟ್ಟಿ ಎಲ್ಲ ಇತ್ತು. ಆದರೆ ಕೊರಳಲ್ಲಿನ ಬಕೆಟ್ಟಿನಷ್ಟು ದೊಡ್ಡ ಆ ಗಂಟೆಗಳಲ್ಲಿ ಒಂದೂ ಸದ್ದು ಮಾಡಲಿಲ್ಲ. ನನಗಾಗಿ ಎಲ್ಲದರೊಳಗೂ ಹುಲ್ಲು ತುರುಕಿದ್ದ! ಮನೆಯಲ್ಲೋ ನೆರೆಯಲ್ಲೋ ಸಾವಾದ ವರ್ಷ ಮಾತ್ರ ಹಸುಗಳು ಹೂವಿಲ್ಲದೆ, ಗಂಟೆಗಳು ಹೀಗೆ ಮೌನವಾಗಿ ಇಳಿಯುತ್ತವೆ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ಹೂವು ಕಂಡು ಗೊಂದಲವಾದರೂ ಬೀದಿಯ ಗಂಡಸರೆಲ್ಲ ಟೋಪಿ ತೆಗೆದು ನಿಂತರಂತೆ. ಹೂವಿನ ಕಿರೀಟ ಕಾಣುವಷ್ಟು ದೃಷ್ಟಿಯಿಲ್ಲದ ಬುರ್ಗೆಲ್ ಅಜ್ಜಿಯಂತೂ ಸಾವಿನ ಮನೆಗೆಂದು ಮೇಣದಬತ್ತಿ, ಒಂದು ದಪ್ಪ ರೊಟ್ಟಿ ಹಿಡಿದು, “ಅಯ್ಯೋ, ಹುಡುಗಿ ಹೋಗ್ಬಿಟ್ಲಾ?” ಎಂದು ಅಳುತ್ತಾ ನಮ್ಮ ಬಾಗಿಲಿಗೇ ಬಂದಳು. ಬಾಗಿಲು ತೆಗೆದವಳು ನಾನೇ! ನನ್ನ ಕೆನ್ನೆ ಮುಟ್ಟಿ ನೋಡಿ, ಬೀದಿಯ ಕಡೆ ತಿರುಗಿ, “ಲೋಯಿಸ್, ನಿನ್ ತಲೇಲೂ ಹುಲ್ಲೇ ತುರುಕ್ಕೊಂಡಿದೀಯೇನೋ!” ಎಂದು ಕೂಗಿದಳು. ಆಮೇಲೆ, “ತಂದಿದ್ದು ತಂದಾಯ್ತು, ತಿನ್ನು” ಎಂದು ರೊಟ್ಟಿಯನ್ನು ನನ್ನ ಕೈಗಿಟ್ಟಳು. ಅಮ್ಮನೂ ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು, ಇಷ್ಟು ಗದ್ದಲದಲ್ಲೂ ನನ್ನ ತಲೆ ನೋಯುತ್ತಿಲ್ಲ.

ಹಾಲಿನ ಲಾರಿಯವನು ಕೂಡ ನಮ್ಮ ತಿರುವಿನಲ್ಲಿ ಹಾರ್ನ್ ಹೊಡೆಯುವುದಿಲ್ಲ ಅಣ್ಣಾ. ಇವರೆಲ್ಲರ ಋಣ ಹೇಗೆ ತೀರಿಸಲಿ ಹೇಳು.

ಮೊಣಕಾಲಿಗೆ ಬೆಚ್ಚಗೆ ಸುತ್ತಿಕೋ. ಅಮ್ಮನಿಂದ ಒಂದು ಮುತ್ತು, ನನ್ನಿಂದ ಒಂದು ಗುದ್ದು.

ನಿನ್ನ ತಂಗಿ,
ಆಫ್ರಾ

ಮರೆತಿದ್ದೆ: ಇವತ್ತು ಬೆಳಿಗ್ಗೆ ಲೋಯಿಸ್ ಮಾವನ ಕೊಟ್ಟಿಗೆಗೆ ಹೋಗಿ, ಎಲ್ಲಕ್ಕಿಂತ ದೊಡ್ಡ ಗಂಟೆಯ ಹುಲ್ಲನ್ನು ನಾನೇ ಕಿತ್ತು ಬಾರಿಸಿದೆ. ಮೊದಲು ಮೆಲ್ಲಗೆ. ಆಮೇಲೆ ಜೋರಾಗಿ. ಈ ಚಳಿಗಾಲ ನಾನು ಸ್ಕೀ ಕಟ್ಟುವ ಹಾಗಿಲ್ಲ, ಡಾಕ್ಟರು ಖಡಾಖಂಡಿತವಾಗಿ ಬೇಡ ಎಂದಿದ್ದಾರೆ. ಆದರೆ ನೀನು ನಮ್ಮೂರ ಪಂದ್ಯಕ್ಕೆ ಹೆಸರು ಕೊಡು ಅಣ್ಣಾ. ಆ ಗಂಟೆಯನ್ನು ಮಾವನಿಂದ ಕೇಳಿ ಇಟ್ಟುಕೊಂಡಿದ್ದೇನೆ.